ಹಳೇ ಕಾಲದ ಫೋಟೋಗ್ರಾಫರುಗಳು ಪ್ಲೇಟುಗಳನ್ನು ಬಿಸಿಲಲ್ಲಿ ಹೇಗೆ ಸಾಗಿಸುತ್ತಿದ್ದರು? (ನಾಟಕಕ್ಕೆ ಬೇಕಿತ್ತು)

ರಂಗಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಹೊಸಪೇಟೆಯ ಒಂದು ಹವ್ಯಾಸಿ ನಾಟಕ ತಂಡದಲ್ಲಿ ರಂಗಸಜ್ಜಿಕೆ, ಪರಿಕರ ಎಲ್ಲ ನಾನೇ ನೋಡಿಕೊಳ್ಳುವುದು. ಈ ಸಲದ ನಾಟಕದಲ್ಲಿ ಹಂಪಿಯ ಫೋಟೋ ತೆಗೆಯಲು ಬರುವ ಒಬ್ಬ ಬ್ರಿಟಿಷ್ ಅಧಿಕಾರಿಯ ಪಾತ್ರ ಇದೆ. ಕಾಲ "ಸುಮಾರು 1860" ಅಂತ ಬರೆದಿದ್ದಾರೆ, ಅದಕ್ಕಿಂತ ಖಚಿತವಾಗಿ ಏನೂ ಇಲ್ಲ. ಅವನ ಜೊತೆ ಎತ್ತಿನ ಗಾಡಿ, ಗಾಡಿ ತುಂಬ ಪೆಟ್ಟಿಗೆ, ಹೊರುವುದಕ್ಕೆ ಕಮಲಾಪುರದ ಆಳುಗಳು. ಆಳುಗಳಲ್ಲಿ ಒಬ್ಬನ ಮಗ, ಹತ್ತು ಹನ್ನೆರಡು ವರ್ಷದ ಹುಡುಗ, ಸಾಹೇಬ ಊಟಕ್ಕೆ ಕೂತಾಗ ಕುತೂಹಲಕ್ಕೆ ಒಂದು ಪೆಟ್ಟಿಗೆ ತೆಗೆದು ನೋಡುತ್ತಾನೆ. ಬಿಸಿಲು ಬಿದ್ದು ಒಳಗಿನ ಗಾಜಿನ ಪ್ಲೇಟುಗಳೆಲ್ಲ (ಫಿಲ್ಮಿಗೆ ಮೊದಲು ಚಿತ್ರ ಹಿಡಿಯುತ್ತಿದ್ದ, ಬೆಳಕು ತಾಗಬಾರದ ಲೇಪದ ಗಾಜು) ಕಣ್ಣೆದುರೇ ಕರ್ರಗಾಗುತ್ತವೆ. ಅಲ್ಲಿಂದ ಗಲಾಟೆ ಶುರು.

ನಿರ್ದೇಶಕರಿಗೆ ಆ ಕಪ್ಪಾಗುವುದನ್ನು ರಂಗದ ಮೇಲೆ ತೋರಿಸಲೇಬೇಕು. ಲೈಟಿಂಗ್‌ನಲ್ಲಿ ಮಾಡೋಣ ಅಂತಾರೆ. ನನಗೆ ಅನುಮಾನ. ಪ್ಲೇಟು ನಿಜವಾಗಿಯೂ ಹಾಗೆ ಕಪ್ಪಾಗುತ್ತದಾ? ಪೆಟ್ಟಿಗೆ ತೆಗೆದರೆ ಹಾಳಾಗುವಂತಿದ್ದರೆ ಅವರು ಆ ಬಿಸಿಲಲ್ಲಿ, ಆ ಧೂಳಲ್ಲಿ, ಗಾಡಿಯಲ್ಲಿ ಅದನ್ನು ಹೇಗೆ ಕಾಪಾಡಿಕೊಂಡು ಬರುತ್ತಿದ್ದರು? ಕ್ಯಾಮೆರಾ ಒಳಗೆ ಹಾಕುವಾಗ ಬೆಳಕು ಬೀಳುವುದಿಲ್ವಾ? ಪೆಟ್ಟಿಗೆಗಳು ನೋಡುವುದಕ್ಕೆ ಹೇಗಿದ್ದವು ಅಂತ ಗೊತ್ತಾದರೆ ಬಡಗಿಗೆ ಹೇಳಿ ಮಾಡಿಸುತ್ತೇನೆ.

ಕಲ್ಲುಮಂಟಪ:

ಮೇಡಂ, ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. ಹಂಪಿ ಅಂದಮೇಲೆ ಎಲ್ಲರಿಗೂ ನೆನಪಾಗುವುದು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ, 1856ರ ಹೊತ್ತಿಗೆ ಹಂಪಿಯಲ್ಲಿ ಚಿತ್ರ ತೆಗೆದವನು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅವನ ಚಿತ್ರಗಳನ್ನು ಹಿಡಿದುಕೊಂಡು ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಿಠ್ಠಲ ದೇವಸ್ಥಾನದ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇದ್ದದ್ದು ಕಾಣುತ್ತದೆ. ಈಗ ಅದಿಲ್ಲ.

ನಿಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಗ್ರೀನ್‌ಲಾ ನೆಗೆಟಿವ್‌ಗಳು ಗಾಜಿನವಲ್ಲ, ಕಾಗದದವು. ಮೇಣ ತಿನ್ನಿಸಿದ ದೊಡ್ಡ ದೊಡ್ಡ ಹಾಳೆಗಳು. 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು ಕಡೆ ಬಂದ ಲಿನಿಯಸ್ ಟ್ರೈಪ್ ಕೂಡ ಕಾಗದದ ನೆಗೆಟಿವ್ ಬಳಸಿದವನೇ. ಮರುವರ್ಷ ಬಾದಾಮಿ, ಐಹೊಳೆ, ಬಿಜಾಪುರದ ಕಡೆ ಕೆಲಸ ಮಾಡಿದ ಥಾಮಸ್ ಬಿಗ್ಸ್ ಕೂಡ ಅಷ್ಟೇ. ಹಂಪಿಗೆ ಗಾಜು ಬೇಕೇ ಬೇಕು ಅಂದರೆ 1868ರ ಎಡ್ಮಂಡ್ ಲಯನ್ ಕಡೆಗೆ ಹೋಗಿ. ಅವನದು ಗಾಜು.

ಆದ್ದರಿಂದ "ಸುಮಾರು 1860" ಅಂದರೆ ಕಷ್ಟ. ನಾಲ್ಕು ವರ್ಷ ಹಿಂದೆ ಹೋದರೆ ಕಾಗದ, ಎಂಟು ವರ್ಷ ಮುಂದೆ ಬಂದರೆ ಗಾಜು.

ಹಳೇ ಸ್ಟುಡಿಯೋ:

ನೋಡಮ್ಮಾ, ನಾನು ಕೆಲಸ ಕಲಿತದ್ದು ಗಾಜಿನ ಪ್ಲೇಟಿನ ಕೊನೆಗಾಲದಲ್ಲಿ. ಶಿವಮೊಗ್ಗ ಕಡೆಯ ಒಂದು ಸಣ್ಣ ಸ್ಟುಡಿಯೋ. ಪೇಟೆಯವರೆಲ್ಲ ಫಿಲ್ಮಿಗೆ ಹೋಗಿದ್ದರೂ ನಮ್ಮ ಯಜಮಾನರು ಶಾಲೆಗಳ ಗ್ರೂಪ್ ಫೋಟೋಕ್ಕೆ ಮಾತ್ರ ಪ್ಲೇಟು ಬಿಡಲಿಲ್ಲ. ಹೋಲ್ಡರುಗಳ, ಅಂದರೆ ಪ್ಲೇಟು ಇಟ್ಟು ಕ್ಯಾಮೆರಾಕ್ಕೆ ಹಾಕುವ ಚಪ್ಪಟೆ ಪೆಟ್ಟಿಗೆಗಳ, ಚೀಲ ಹೊರುವುದು ನನ್ನ ಪಾಲಿನ ಕೆಲಸ. ಅದನ್ನು ಸೈಕಲ್ ಕ್ಯಾರಿಯರ್ ಮೇಲೆ ಇಡುವ ಹಾಗಿರಲಿಲ್ಲ, ಹೆಗಲಿಗೇ ಹಾಕಿಕೊಳ್ಳಬೇಕು. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕೈಯಲ್ಲಿ ಮಾಡಿದ್ದು, ಅರ್ಧ ಓದಿದ್ದು.

ನಿಮ್ಮ ನಿರ್ದೇಶಕರಿಗೆ ಮೊದಲು ಇದನ್ನು ಹೇಳಿ. ಬೆಳಕು ಬಿದ್ದ ಪ್ಲೇಟು ಕಣ್ಣಿಗೆ ಏನೂ ತೋರಿಸುವುದಿಲ್ಲ. ಪೆಟ್ಟಿಗೆ ತೆಗೆದ, ನೋಡಿದ, ಮುಚ್ಚಿದ, ಮುಗಿಯಿತು. ಪ್ಲೇಟು ಹಾಳಾಗಿ ಹೋಗಿರುತ್ತದೆ. ಆದರೆ ನೋಡುವುದಕ್ಕೆ ಮುಂಚೆ ಹೇಗಿತ್ತೋ ಹಾಗೇ ಇರುತ್ತದೆ, ಕೆನೆ ಬಳಿದ ಗಾಜಿನ ಹಾಗೆ. ಸುಡುಬಿಸಿಲಲ್ಲಿ ಬಹಳ ಹೊತ್ತು ಬಿಟ್ಟರೆ ಮಾಸಲು ನೇರಳೆಗೆ ತಿರುಗುತ್ತದೆ, ಅದು ಬೇರೆ. ಕಪ್ಪು ಬರುವುದು ರಾತ್ರಿ, ಡೆವಲಪರಿಗೆ (ಚಿತ್ರ ಮೂಡಿಸುವ ದ್ರಾವಣಕ್ಕೆ) ಹಾಕಿದಾಗ. ಒಳ್ಳೆಯ ಪ್ಲೇಟು ಆಗಿದ್ದರೆ ಮೊದಲು ಆಕಾಶ ಕಪ್ಪಗಾಗುತ್ತದೆ, ಆಮೇಲೆ ಗೋಡೆ, ಆಮೇಲೆ ನೆರಳಿನ ಭಾಗ ನಿಧಾನಕ್ಕೆ. ಬೆಳಕು ಕುಡಿದ ಪ್ಲೇಟು ಆಗಿದ್ದರೆ ಮೂಲೆಯಿಂದ ಮೂಲೆಗೆ ಒಂದೇ ಸಮ ಕರ್ರಗಾಗಿ ಕೂತುಬಿಡುತ್ತದೆ. ಮಧ್ಯಾಹ್ನ ಆದದ್ದು ಸಾಹೇಬನಿಗೆ ಗೊತ್ತಾಗುವುದು ರಾತ್ರಿ. ಅಷ್ಟು ಹೊತ್ತು ಹುಡುಗನಿಗೂ ಗೊತ್ತಿಲ್ಲ, ಸಾಹೇಬನಿಗೂ ಗೊತ್ತಿಲ್ಲ, ನೋಡುವವರಿಗೆ ಮಾತ್ರ ಗೊತ್ತು. ನಾಟಕದವರಿಗೆ ಇದಕ್ಕಿಂತ ಇನ್ನೇನು ಬೇಕು?

ಇನ್ನು ಇಸವಿ. ಕಲ್ಲುಮಂಟಪದವರು ಹೇಳಿದ್ದು ಸರಿ, ಅದನ್ನೇ ಸ್ವಲ್ಪ ಮುಂದಕ್ಕೆ ಎಳೆಯುತ್ತೇನೆ. ಹುಡುಗ ಪೆಟ್ಟಿಗೆ ತೆಗೆದರೆ ಏನಾಗುತ್ತದೆ ಅನ್ನುವುದು ಪೂರ್ತಿ ಇಸವಿಯ ಮೇಲೆ ನಿಂತಿದೆ.

1856 ಅಂತ ಇಟ್ಟುಕೊಳ್ಳಿ, ಮೇಣದ ಕಾಗದ. ಈ ವಿಧಾನ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ್ದು. ಇದರ ದೊಡ್ಡ ಲಾಭ ಏನೆಂದರೆ ಬೆಳ್ಳಿಯ (ಸಿಲ್ವರ್ ನೈಟ್ರೇಟ್) ದ್ರಾವಣದಲ್ಲಿ ಅದ್ದಿ, ತೊಳೆದು, ಒಣಗಿಸಿದ ಹಾಳೆ ಕೆಲವು ದಿನ ಇಟ್ಟರೂ ಕೆಡುವುದಿಲ್ಲ. ನಮ್ಮ ಸೆಕೆಗೆ ಅಷ್ಟು ದಿನ ಬರಲಿಕ್ಕಿಲ್ಲ, ಆದರೂ ರಾತ್ರಿ ತಯಾರು ಮಾಡಿಕೊಂಡು ಹಗಲು ಚಿತ್ರ ತೆಗೆದು ಮತ್ತೆ ರಾತ್ರಿ ಡೆವಲಪ್ ಮಾಡಬಹುದು. ಗ್ಯಾಲಿಕ್ ಆಮ್ಲದಲ್ಲಿ ಗಂಟೆಗಟ್ಟಲೆ ಬಿಡಬೇಕು. ಹಾಗಾಗಿ ಹಗಲು ಹೊತ್ತು ಅವನ ಪೆಟ್ಟಿಗೆಯಲ್ಲಿ ಬೆಳಕು ತಾಗಬಾರದ ಹಾಳೆಗಳು ಇದ್ದೇ ಇರುತ್ತವೆ. ಕಪ್ಪು ಕಾಗದದ ಮಡಿಕೆಯೊಳಗೆ, ಪುಸ್ತಕದಂಥ ರಟ್ಟಿನ ನಡುವೆ. ಹುಡುಗ ತೆಗೆದನೋ, ಹೋಯಿತು.

ಆದರೆ ಗಾಡಿ ಮಗುಚಿದರೆ ಇವನಿಗೆ ಹೆಚ್ಚೇನೂ ನಷ್ಟವಿಲ್ಲ. ತಮಾಷೆ ಏನೆಂದರೆ ಹೋಲ್ಡರ್ ಒಳಗೆ ಕಾಗದ ಸಪಾಟಾಗಿ ನಿಲ್ಲಲಿ ಅಂತ ಅದನ್ನು ಎರಡು ಗಾಜಿನ ನಡುವೆ ಇಡುವ ರೂಢಿ ಇತ್ತು. ಗಾಜು ಪುಡಿಯಾಗುತ್ತದೆ, ಚಿತ್ರ ಉಳಿಯುತ್ತದೆ.

1868 ಅಂತ ಇಟ್ಟುಕೊಂಡರೆ ಎಲ್ಲ ತಿರುವುಮುರುವು. ಅದು ಹಸಿ ಪ್ಲೇಟಿನ ಕಾಲ. ಗಾಜಿಗೆ ಕೊಲೋಡಿಯನ್ ಅನ್ನುವ ಅಂಟು ದ್ರವ ಹುಯ್ದು, ಬೆಳ್ಳಿಯಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಒಣಗುವ ಮೊದಲೇ ಡೆವಲಪ್ ಮಾಡಿ ಮುಗಿಸಬೇಕು. ತಂಪು ದೇಶದಲ್ಲೇ ಹತ್ತು ಹದಿನೈದು ನಿಮಿಷದ ಆಟ. ಅಂದರೆ ಬೆಳಕು ತಾಗಬಾರದ ಪ್ಲೇಟನ್ನು ಊರಿಂದ ಊರಿಗೆ ಸಾಗಿಸುವ ಪ್ರಶ್ನೆಯೇ ಇಲ್ಲ. ಅವನ ಪೆಟ್ಟಿಗೆಯಲ್ಲಿ ಇರುವುದು ಎರಡೇ ಥರದ ಗಾಜು. ಒಂದು, ಏನೂ ಹಚ್ಚದ ಬೋಳು ಗಾಜು. ಇನ್ನೊಂದು, ಕೆಲಸ ಮುಗಿದು ವಾರ್ನಿಶ್ ಬಳಿದ ನೆಗೆಟಿವ್. ಎರಡಕ್ಕೂ ಬೆಳಕಿನ ಭಯವಿಲ್ಲ. ಹುಡುಗ ಪೆಟ್ಟಿಗೆ ತೆಗೆದು ಬಿಸಿಲಿಗೆ ಹಿಡಿದು ನೋಡಿದರೂ ಸಾಹೇಬ ಬೈಯುವುದು ಬೆರಳಚ್ಚಿಗೆ ಮಾತ್ರ. ಆದರೆ ಗಾಡಿ ಮಗುಚಿದರೆ ತಿಂಗಳ ದುಡಿಮೆ ಹೋಯಿತು. ಇವನು ಪ್ಲೇಟಿಗಾಗಿ ಕತ್ತಲೆಯ ಪೆಟ್ಟಿಗೆ ಹೊರಲಿಲ್ಲ, ಕತ್ತಲೆಯ ಕೋಣೆಯನ್ನೇ ಹೊತ್ತ. 1855ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ರೋಜರ್ ಫೆಂಟನ್ ವೈನ್ ವ್ಯಾಪಾರಿಯ ಹಳೇ ಗಾಡಿಯನ್ನು ಕೊಂಡು ಅದನ್ನೇ ಡಾರ್ಕ್ ರೂಮ್ ಮಾಡಿಕೊಂಡಿದ್ದ. 700 ಗಾಜು, 36 ದೊಡ್ಡ ಪೆಟ್ಟಿಗೆ. ನಮ್ಮ ಹಿಮಾಲಯದಲ್ಲಿ ಸ್ಯಾಮ್ಯುಯಲ್ ಬೋರ್ನ್ ಗಾಡಿ ಹೋಗದ ಕಡೆಗೆಲ್ಲ ಅದನ್ನು ಮನುಷ್ಯರ ಬೆನ್ನ ಮೇಲೆ ಹೊರಿಸಿದ. 1866ರಲ್ಲಿ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯ (ಪಾಸ್) ಮೇಲೆ ಡೇರೆ ಹಾಕಿ ಹಸಿ ಪ್ಲೇಟು ಮಾಡಿದವನು. ಅವನ ಹೆಸರು ಎಲ್ಲರೂ ಹೇಳುತ್ತಾರೆ. ನೀರು, ಗಾಜು, ಸೀಸೆ ಹೊತ್ತ ಆಳುಗಳಲ್ಲಿ ಒಬ್ಬನ ಹೆಸರೂ ನಮಗೆ ಸಿಗುವುದಿಲ್ಲ. ನಿಮ್ಮ ನಾಟಕದಲ್ಲಿ ಆಳುಗಳಿಗೆ ಹೆಸರು ಇಟ್ಟಿದ್ದೀರಿ ತಾನೇ?

ಇನ್ನು 1890 ಅಂತ ಇಟ್ಟುಕೊಂಡರೆ ಒಣ ಪ್ಲೇಟು, ಅಂಗಡಿಯಲ್ಲಿ ಸಿಗುವಂಥದ್ದು. ಇಂಗ್ಲೆಂಡಿನ ಡಾಕ್ಟರ್ ಮ್ಯಾಡಾಕ್ಸ್ 1871ರಲ್ಲಿ ಜೆಲಟಿನ್ ಪ್ಲೇಟಿನ ದಾರಿ ತೋರಿಸಿದ. 1878ರಲ್ಲಿ ಚಾರ್ಲ್ಸ್ ಬೆನೆಟ್ ಅದನ್ನು ಬಿಸಿಯಲ್ಲಿ ಹದ ಮಾಡಿ ಬಹಳ ಚುರುಕು ಮಾಡಿದ. ಅಲ್ಲಿಂದ ಮುಂದೆ ಕಾರ್ಖಾನೆಗಳು ಎದ್ದವು. ಈಗ ಡೇರೆ ಬೇಡ, ಬೆಳ್ಳಿಯ ತೊಟ್ಟಿ ಬೇಡ. ಆದರೆ ಪೆಟ್ಟಿಗೆಯಲ್ಲಿರುವ ಒಂದೊಂದು ಪ್ಲೇಟೂ ಬೆಳಕಿಗೆ ಹೆದರುವಂಥದ್ದೇ, ಮೇಲಾಗಿ ಹಳೆಯವಕ್ಕಿಂತ ಎಷ್ಟೋ ಪಾಲು ಸೂಕ್ಷ್ಮ. ಹುಡುಗ ತೆಗೆದರೂ ನಷ್ಟ, ಗಾಡಿ ಮಗುಚಿದರೂ ನಷ್ಟ.

ನಿಮ್ಮ ಕತೆಗೆ ಯಾವ ನಷ್ಟ ಬೇಕು ನೋಡಿಕೊಳ್ಳಿ, ಇಸವಿ ತಾನಾಗಿ ಬರುತ್ತದೆ.

ರಂಗಪೆಟ್ಟಿಗೆ:

ಸರ್, ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ತುಂಬ ಥ್ಯಾಂಕ್ಸ್. ಆಳುಗಳಿಗೆ ಹೆಸರು ಇದೆ. ರಾತ್ರಿ ಗೊತ್ತಾಗುವ ವಿಷಯ ನಿರ್ದೇಶಕರಿಗೆ ಓದಿ ಹೇಳಿದೆ. ಇಷ್ಟ ಆಯಿತು. ಆದರೆ ಅವರಿಗೆ ಹಸಿ ಪ್ಲೇಟಿನ ಡೇರೆ ಕೂಡ ರಂಗದ ಮೇಲೆ ಬೇಕಂತೆ, "ಕಪ್ಪಾಗುವುದು" ಕೂಡ ಕೈಬಿಡಲು ಮನಸ್ಸಿಲ್ಲ. 1868ಕ್ಕೆ ಹೋದರೆ ಹುಡುಗನ ತಪ್ಪಿಗೆ ಬೆಲೆಯೇ ಇರುವುದಿಲ್ಲ ಅಂತ ಗೊಣಗುತ್ತಿದ್ದಾರೆ. ಡೇರೆ ಒಳಗೆ ಏನೇನು ಇರುತ್ತಿತ್ತು? ದೀಪ ಯಾವುದು?

ಹಸಿಪ್ಲೇಟು:

ಮೇಡಂ, ಬೆಂಗಳೂರಲ್ಲಿ ನಾನು ಹವ್ಯಾಸಕ್ಕೆ ಹಸಿ ಪ್ಲೇಟು ಮಾಡುತ್ತೇನೆ, ಆಗಾಗ ಹೊರಗೂ ಹೋಗುತ್ತೇನೆ. ಹಾಗಾಗಿ ಡೇರೆಯ ವಿಷಯ ನನಗೆ ಬಿಡಿ.

ದೀಪ ಇರುತ್ತಿರಲಿಲ್ಲ ಅಂತಲೇ ಹೇಳಬಹುದು, ಹಗಲು ಹೊತ್ತಿನ ಕೆಲಸ. ಈ ಪ್ಲೇಟಿಗೆ ನೀಲಿ, ನೇರಳೆ ಬೆಳಕು ಮಾತ್ರ ಕಾಣುತ್ತದೆ. ಹಳದಿ, ಕಿತ್ತಳೆ, ಕೆಂಪು ಕಾಣುವುದಿಲ್ಲ. ಆದ್ದರಿಂದ ಡೇರೆಯ ಗೋಡೆಯಲ್ಲಿ ಹಳದಿ ಅಥವಾ ಕಿತ್ತಳೆ ಬಟ್ಟೆಯ ಒಂದು ಕಿಟಕಿ. ಹೊರಗಿನ ಬಿಸಿಲೇ ಅದರಿಂದ ಸೋಸಿ ಬರುತ್ತದೆ. ಉಳಿದ ಕಡೆ ಕಪ್ಪು ಬಟ್ಟೆ, ಎರಡು ಪದರ. ನಿಮ್ಮ ಲೈಟಿಂಗ್‌ನವರಿಗೆ ಇದು ಹಬ್ಬ ಅಲ್ವಾ? ರಂಗದ ನಡುವೆ ಕಪ್ಪು ಡೇರೆ, ಅದರ ಒಂದು ಕಡೆ ಕಿತ್ತಳೆ ಚೌಕ. ಬೆಂಕಿ ದೀಪ ಒಳಗೆ ತಂದರೆ ಅಪಾಯವೂ ಹೌದು. ಕೊಲೋಡಿಯನ್ನಿನಲ್ಲಿ ಈಥರ್ ಇದೆ, ಅದರ ಆವಿ ಭಗ್ ಅಂತ ಹತ್ತಿಕೊಳ್ಳುತ್ತದೆ.

ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಬಳ್ಳಾರಿ ಸೀಮೆಯ ಬೇಸಿಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಈಜಿಪ್ಟಿನಲ್ಲಿ ಫ್ರಾನ್ಸಿಸ್ ಫ್ರಿತ್ ಕೊಲೋಡಿಯನ್ ಗಾಜಿನ ಮೇಲೆ ಹುಯ್ಯುತ್ತಿದ್ದ ಹಾಗೇ ಕುದಿಯುತ್ತಿತ್ತು ಅಂತ ಬರೆದಿದ್ದಾನೆ. ನಾನೂ ಏಪ್ರಿಲ್‌ನಲ್ಲಿ ನೋಡಿದ್ದೇನೆ. ಹುಯ್ದದ್ದು ನಾಲ್ಕನೇ ಮೂಲೆ ಮುಟ್ಟುವ ಹೊತ್ತಿಗೆ ಮೊದಲನೇ ಮೂಲೆ ಒಣಗಲು ಶುರುವಾಗಿರುತ್ತದೆ. ಅಂಥ ದಿನ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಹೋಲ್ಡರಿನೊಳಗೆ ಪ್ಲೇಟಿನ ಬೆನ್ನಿಗೆ ಒದ್ದೆ ಬ್ಲಾಟಿಂಗ್ ಕಾಗದ ಇಟ್ಟರೆ ಇನ್ನು ಕೆಲವು ನಿಮಿಷ ಸಿಗುತ್ತದೆ. ಇದು ಹಳೇ ಕಾಲದ ಉಪಾಯವೇ.

ಈಗ ನೀವು ಕೇಳಿದ "ಸಾಗಿಸುವುದು" ಇಲ್ಲಿ ಹೇಗೆ ಅಂದರೆ ಡೇರೆಯಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಡೇರೆಗೆ. ಐವತ್ತು ಹೆಜ್ಜೆ ಇರಬಹುದು. ಆ ಐವತ್ತು ಹೆಜ್ಜೆಯಲ್ಲೇ ಎಲ್ಲ ಇದೆ. ಹೋಲ್ಡರ್ ಅಂದರೆ ಚಪ್ಪಟೆ ಮರದ ಪೆಟ್ಟಿಗೆ, ಮುಂದೆ ಎಳೆಯುವ ತೆಳು ಹಲಗೆ. ಬೆಳ್ಳಿಯ ತೊಟ್ಟಿಯಿಂದ ತೆಗೆದ ಪ್ಲೇಟಿನಿಂದ ದ್ರಾವಣ ತೊಟ್ಟಿಕ್ಕುತ್ತಾ ಇರುತ್ತದೆ. ಕೆಳಗೆ ಇಳಿದದ್ದು ಹೋಲ್ಡರಿನ ಕೆಳಅಂಚಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಹೋಲ್ಡರನ್ನು ಯಾವತ್ತೂ ನೆಟ್ಟಗೆ, ಅದೇ ಅಂಚು ಕೆಳಗಿರುವ ಹಾಗೇ ಹಿಡಿದು ನಡೆಯಬೇಕು. ಕಂಕುಳಲ್ಲಿ ಅಡ್ಡ ಇಟ್ಟುಕೊಂಡರೆ ಕೆಳಗಿದ್ದ ಕೊಳಕು ಬೆಳ್ಳಿ ಮತ್ತೆ ಪ್ಲೇಟಿನ ಮೇಲೆ ಹರಿದು ಬೂದು ಕಲೆ ಕೂರುತ್ತದೆ. ನಟರಿಗೆ ಇದನ್ನು ಕಲಿಸಿ. ಹೋಲ್ಡರನ್ನು ಎದೆಯ ಮುಂದೆ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಓಡದೆ ಆದರೆ ಬಿರುಸಾಗಿ ನಡೆಯುವುದು. ಹೋಲ್ಡರಿನ ಮೇಲೆ ಕಪ್ಪು ಬಟ್ಟೆ ಹೊದಿಸಿ.

ಡೆವಲಪರ್ ಅಂದರೆ ಅನ್ನಭೇದಿಯ (ಫೆರಸ್ ಸಲ್ಫೇಟ್) ನೀರು, ಸ್ವಲ್ಪ ಆಮ್ಲ, ಸ್ವಲ್ಪ ಆಲ್ಕೋಹಾಲ್. ಒಂದು ಲೋಟದಷ್ಟು ಸಾಕು. ಆಮೇಲೆ ತೊಳೆಯುವುದಕ್ಕೆ ನೀರು ಜಾಸ್ತಿ ಬೇಕು. ಹಂಪಿಯಲ್ಲಿ ತುಂಗಭದ್ರೆ ಪಕ್ಕದಲ್ಲೇ ಇದ್ದರೂ ನೀರು ಹೊರುವವನು ಪುರಂದರ ಮಂಟಪದಿಂದ ವಿಠ್ಠಲ ದೇವಸ್ಥಾನಕ್ಕೆ ದಿನವಿಡೀ ತಿರುಗಬೇಕಾಗುತ್ತದೆ. ಕೊಡದ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳುವುದೂ ಅವನ ಕೆಲಸ.

ಈಗ ನಿಮ್ಮ ನಿರ್ದೇಶಕರ "ಕಪ್ಪಾಗುವುದು". ಪ್ಲೇಟು ಬಿಡಿ, ಹುಡುಗನ ಬೆರಳು ಕಪ್ಪಾಗಲಿ! ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದಾಗ ಬರೀ ನೀರಿನ ಹಾಗಿರುತ್ತದೆ. ಬಿಸಿಲಿಗೆ ಹೋದಮೇಲೆ ಕಂದು, ಆಮೇಲೆ ಕಪ್ಪು. ಸೋಪಿಗೂ ಹೋಗುವುದಿಲ್ಲ, ಹುಣಸೆಹಣ್ಣಿಗೂ ಹೋಗುವುದಿಲ್ಲ. ಚರ್ಮ ಉದುರಿ ಹೊಸದು ಬರಬೇಕು. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಮೈಸೂರಿನ ಶಾಯಿಯಲ್ಲೂ ಇರುವುದು ಇದೇ. 1868ರ ಸಾಹೇಬನ ಡೇರೆಗೆ ಹುಡುಗ ನುಗ್ಗಿ ತೊಟ್ಟಿಯೊಳಗೆ ಕೈ ಅದ್ದಿದ ಅಂತಿಟ್ಟುಕೊಳ್ಳಿ. ಕೊಳಕು ಕೈ ಬಿದ್ದ ಬೆಳ್ಳಿ ತೊಟ್ಟಿ ಕೆಟ್ಟಿತು, ಅದು ಸಣ್ಣ ನಷ್ಟವೇನಲ್ಲ, ತೊಟ್ಟಿಯಲ್ಲಿರುವುದು ಬೆಳ್ಳಿ. ಅವನು ಸುಮ್ನೆ ಬಂದು ಆಳುಗಳ ಜೊತೆ ಕೂರುತ್ತಾನೆ. ಯಾರಿಗೂ ಗೊತ್ತಿಲ್ಲ. ಸಂಜೆ ಹೊತ್ತಿಗೆ ಬೆರಳು ಕಪ್ಪು.

ಹಳೇ ಸ್ಟುಡಿಯೋ:

ಭಲೇ ತಮ್ಮಾ! ಇದು ನನಗೆ ಹೊಳೆದಿರಲಿಲ್ಲ. ಆ ಕಾಲದ ಫೋಟೋಗ್ರಾಫರನ ಗುರುತೇ ಕಪ್ಪು ಬೆರಳು. ಸಾಹೇಬನ ಬೆರಳೂ ಹಾಗೇ ಇರಬೇಕು, ಅವನ ಕಫ್ ಮೇಲೂ ಕಲೆ ಇರಬೇಕು. ಕೆಲವರು ಆ ಕಲೆ ತೆಗೆಯಲು ಪೊಟ್ಯಾಸಿಯಂ ಸಯನೈಡ್ ಗಟ್ಟಿಯಿಂದ ಬೆರಳು ಉಜ್ಜಿಕೊಳ್ಳುತ್ತಿದ್ದರು. ಫಿಕ್ಸ್ ಮಾಡುವುದಕ್ಕೂ, ಅಂದರೆ ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಮಾಡುವುದಕ್ಕೂ, ಅದನ್ನೇ ಬಳಸುತ್ತಿದ್ದರಲ್ಲ, ಕೈಗೆ ಸಿಗುವಂತೆ ಇರುತ್ತಿತ್ತು. ಸಣ್ಣ ಗಾಯ ಇದ್ದರೂ ಪ್ರಾಣಕ್ಕೇ ಬರುವ ವಿಷ. ಬಾಟಲಿಗೆ ಲೇಬಲ್ ಅಂಟಿಸಿ ತೋರಿಸಬೇಕಾದರೆ ತೋರಿಸಿ, ಒಳಗೆ ನೀರು ಹಾಕಿ.

ಇನ್ನು ಪೆಟ್ಟಿಗೆ. ಬಡಗಿಗೆ ಹೇಳಬೇಕು ಅಂದಿದ್ದೆಯಲ್ಲಮ್ಮಾ. ಗಾಜಿನ ಪೆಟ್ಟಿಗೆ ನೋಡಿದವರಿಗೆ ಮೊದಲು ಕಾಣುವುದು ಒಳಗಿನ ಕಚ್ಚುಗಳು. ಎರಡು ಪಕ್ಕದ ಹಲಗೆಗಳಲ್ಲಿ ಎದುರುಬದುರಾಗಿ ಸಾಲಾಗಿ ಕಚ್ಚು ಕೊರೆದಿರುತ್ತಾರೆ. ಒಂದೊಂದು ಕಚ್ಚಿಗೆ ಒಂದೊಂದು ಗಾಜು, ನೆಟ್ಟಗೆ. ಗಾಜಿನ ಮೈಗೆ ಮೈ ತಾಗಬಾರದು. ಮಲಗಿಸಿ ಒಂದರ ಮೇಲೊಂದು ಇಟ್ಟರೆ ಎಲ್ಲದರ ಭಾರ ತಳದ ಗಾಜಿಗೆ ಬೀಳುತ್ತದೆ, ನಡುವೆ ಒಂದು ಮರಳಿನ ಕಣ ಸಿಕ್ಕಿದರೆ ಮುಗಿಯಿತು, ಅಲ್ಲಿಂದಲೇ ಸೀಳು. ನೆಟ್ಟಗೆ ನಿಂತ ಗಾಜು ಕುಲುಕಾಟ ಎಷ್ಟೋ ತಡೆಯುತ್ತದೆ. ಗಾಡಿಯಲ್ಲಿ ಪೆಟ್ಟಿಗೆ ಇಡುವಾಗ ಗಾಜಿನ ಅಂಚು ಗಾಡಿ ಹೋಗುವ ದಿಕ್ಕಿಗೆ ಇರಬೇಕು. ಎತ್ತು ಮುಗ್ಗರಿಸಿದರೆ ಪೆಟ್ಟು ಅಂಚಿಗೆ ಬೀಳಲಿ, ಮೈಗೆ ಬೇಡ. ತಳಕ್ಕೆ ಭತ್ತದ ಹುಲ್ಲು ಗೇಣು ದಪ್ಪ. ನಮ್ಮ ಯಜಮಾನರು ಬಸ್ಸಿನಲ್ಲಿ ಹೋಗುವಾಗಲೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಹೀಗೇ ಇಟ್ಟುಕೊಂಡು ಕೂರುತ್ತಿದ್ದರು, ಕಂಡಕ್ಟರ್ ಎಷ್ಟು ಹೇಳಿದರೂ ಮೇಲೆ ಹಾಕಲು ಕೊಡುತ್ತಿರಲಿಲ್ಲ.

ಭಾರ ಎಷ್ಟು ಅಂತ ನಟರಿಗೆ ಗೊತ್ತಿರಲಿ. 12×10 ಇಂಚಿನ ಗಾಜು, ಎರಡು ಮಿಲಿಮೀಟರ್ ದಪ್ಪ ಅಂತ ಹಿಡಿದರೆ ಒಂದೊಂದು 400 ಗ್ರಾಂ ಹತ್ತಿರ. ಒಂದು ಡಜನ್‌ಗೆ ನಾಲ್ಕೂವರೆ ಕಿಲೋ, ಮರ ಬೇರೆ. ನಾಲ್ಕು ಡಜನ್ ಪೆಟ್ಟಿಗೆಯನ್ನು ಬೆರಳ ತುದಿಯಲ್ಲಿ ಎತ್ತಿಕೊಂಡು ಬಂದರೆ ಜನ ನಗುತ್ತಾರೆ. ಒರಟು ದಾರಿಯಲ್ಲಿ ಗಾಡಿಗಿಂತ ತಲೆಹೊರೆಯೇ ಮೇಲು. ಮನುಷ್ಯ ನಡೆಯುವಾಗ ಮೊಣಕಾಲು ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಮರದ ಗಾಲಿ ನುಂಗುವುದಿಲ್ಲ. ಆನೆಗೊಂದಿ ಕಡೆ ಹರಿಗೋಲಿನಲ್ಲಿ ದಾಟುವ ದೃಶ್ಯ ಇದ್ದರೆ ಪೆಟ್ಟಿಗೆ ನಡುವೆ ಇರಲಿ, ಅದರ ಮೇಲೆ ಯಾರೂ ಕೂರಬಾರದು.

ಮೊದಲು ನೀನು ಕೇಳಿದೆಯಲ್ಲ, ಕ್ಯಾಮೆರಾ ಒಳಗೆ ಹಾಕುವಾಗ ಬೆಳಕು ಬೀಳುವುದಿಲ್ವಾ ಅಂತ. ಪ್ಲೇಟನ್ನು ಹೋಲ್ಡರಿಗೆ ಹಾಕುವುದು ಕತ್ತಲಲ್ಲಿ. ಆಮೇಲೆ ಹೋಲ್ಡರ್ ಕ್ಯಾಮೆರಾ ಹಿಂದೆ ಕೂರುತ್ತದೆ, ಲೆನ್ಸ್ ಮುಚ್ಚಿರುತ್ತದೆ, ಆಗ ಮಾತ್ರ ತೆಳುಹಲಗೆ ಎಳೆಯುವುದು. ಬೆಳಕು ನುಗ್ಗುವುದು ಆ ಹಲಗೆ ಹೊರಬರುವ ಸಂದಿಯಲ್ಲಿ. ಸಂದಿಗೆ ವೆಲ್ವೆಟ್ ಅಂಟಿಸಿರುತ್ತಾರೆ. ಸವೆದರೆ ಪ್ಲೇಟಿನ ಅಂಚಿನಲ್ಲಿ ಬೀಸಣಿಗೆ ಆಕಾರದ ಕಪ್ಪು ಬರುತ್ತದೆ. ಅದಕ್ಕೇ ಹಲಗೆ ಎಳೆಯುವಾಗ ಫೋಕಸ್ ಮಾಡುವ ಕರಿಬಟ್ಟೆಯನ್ನು ಹೋಲ್ಡರಿನ ಮೇಲೂ ಹೊದಿಸಬೇಕು. ಹೋಲ್ಡರ್ ಸರಿ ಇದೆಯಾ ಅಂತ ನೋಡಲು ನಾವು ಮಾಡುತ್ತಿದ್ದದ್ದು ಹೀಗೆ: ಒಂದು ಪ್ಲೇಟು ಹಾಕಿ, ಹಲಗೆ ಎಳೆಯದೆ, ಹೋಲ್ಡರನ್ನು ಬಿಸಿಲಲ್ಲಿ ತಿರುವಿ ತಿರುವಿ ಇಡುವುದು. ಆಮೇಲೆ ಡೆವಲಪ್ ಮಾಡಿದರೆ ಎಲ್ಲಿ ಸೋರುತ್ತದೆ ಅಂತ ಪ್ಲೇಟೇ ಹೇಳುತ್ತದೆ. ಒಂದು ಪ್ಲೇಟು ದಂಡ, ಆದರೆ ಇಡೀ ಶಾಲೆಯ ಗ್ರೂಪ್ ಫೋಟೋ ಉಳಿಯಿತಲ್ಲ.

ಒಣ ಪ್ಲೇಟಿನ ಕಾಲಕ್ಕೆ ಇನ್ನೆರಡು ಮಾತು. ರಟ್ಟಿನ ಪೆಟ್ಟಿಗೆಯಲ್ಲಿ ಡಜನ್, ಮುಚ್ಚಳದ ಮೇಲೆ ಮುಚ್ಚಳ, ಒಳಗೆ ಕಪ್ಪು ಕಾಗದ. ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಮುಖಕ್ಕೆ ಮುಖ ಮಾಡಿ ಜೋಡಿ ಜೋಡಿಯಾಗಿ ಇಟ್ಟಿರುತ್ತಾರೆ. ಒಂದು ಹೋಲ್ಡರಿಗೆ ಬೆನ್ನಿಗೆ ಬೆನ್ನು ಎರಡು ಪ್ಲೇಟು. ಆರು ಹೋಲ್ಡರ್ ಇದ್ದರೆ ದಿನಕ್ಕೆ ಹನ್ನೆರಡು ಚಿತ್ರ, ಆಮೇಲೆ ರಾತ್ರಿಯವರೆಗೆ ಕಾಯಬೇಕು. ಇಲ್ಲದಿದ್ದರೆ ಕಪ್ಪು ಬಟ್ಟೆಯ ಚೀಲ, ತೋಳಿನ ಕಡೆ ಎಲಾಸ್ಟಿಕ್, ಅದರೊಳಗೆ ಕೈ ಹಾಕಿ ಬದಲಾಯಿಸಬೇಕು. ಆ ಚೀಲದೊಳಗೆ ಬೇಸಿಗೆಯಲ್ಲಿ ಕೈ ಬೆವರುವುದನ್ನು ಅನುಭವಿಸಿದವನೇ ಬಲ್ಲ. ಒಂದು ಹನಿ ಪ್ಲೇಟಿಗೆ ಬಿದ್ದರೂ ಗುಂಡಗೆ ಕಲೆ. ಕತ್ತಲಲ್ಲಿ ಎಮಲ್ಷನ್ ಯಾವ ಕಡೆ ಅಂತ ತಿಳಿಯಲು ಪ್ಲೇಟಿನ ಮೂಲೆಯನ್ನು ತುಟಿಗೆ ತಾಗಿಸುತ್ತಿದ್ದೆವು. ಅಂಟಿದರೆ ಎಮಲ್ಷನ್, ಜಾರಿದರೆ ಗಾಜು. ಚೀಲದೊಳಗಿರುವ ಪ್ಲೇಟನ್ನು ತುಟಿಗೆ ತರುವ ಹಾಗಿಲ್ಲ, ಅಲ್ಲಿ ಉಗುರಿನಿಂದ ಮೂಲೆ ಕೆರೆದು ನೋಡಬೇಕು.

ಕಾಡುಬೆಳಕು:

ಸುಮ್ನೆ ಒಂದು ಮಾತು ಸೇರಿಸುತ್ತೇನೆ. ಹಂಪಿಗೂ ಇದಕ್ಕೂ ಸಂಬಂಧ ಇಲ್ಲ. 1915ರಲ್ಲಿ ಅಂಟಾರ್ಕ್ಟಿಕದಲ್ಲಿ ಎಂಡ್ಯುರೆನ್ಸ್ ಹಡಗು ಮಂಜಿಗೆ ಸಿಕ್ಕಿ ಮುರಿದಾಗ ಆ ತಂಡದ ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ಆ ಕೊರೆಯುವ ನೀರಿಗೆ ಇಳಿದು ಪ್ಲೇಟುಗಳ ಡಬ್ಬಿಗಳನ್ನು ಮೇಲೆ ತಂದ. ತವರದ ಡಬ್ಬಿಗೆ ಬೆಸುಗೆ ಹಾಕಿದ್ದರಿಂದ ಒಳಗೆ ನೀರು ಹೋಗಿರಲಿಲ್ಲ. ಆಮೇಲೆ ಭಾರ ಇಳಿಸಬೇಕಾಗಿ ಬಂತು. ಅವನೂ ನಾಯಕ ಶಾಕಲ್ಟನ್ನೂ ಮಂಜಿನ ಮೇಲೆ ಕೂತು ಒಂದೊಂದೇ ನೋಡಿ ಸುಮಾರು 120 ಇಟ್ಟುಕೊಂಡು ಸುಮಾರು 400 ಪ್ಲೇಟುಗಳನ್ನು ಅಲ್ಲೇ ಒಡೆದು ಹಾಕಿದರು. ಮನಸ್ಸು ಬದಲಾಗಿ ಮತ್ತೆ ತೆಗೆದುಕೊಳ್ಳುವುದು ಬೇಡ ಅಂತ.

ಕಲ್ಲುಮಂಟಪ:

ಬೆಸುಗೆ ಡಬ್ಬಿ ನಮ್ಮ ಕಡೆಗೂ ಸಂಬಂಧ ಇಲ್ಲದ್ದಲ್ಲ. ಬಿಸಿ ದೇಶಗಳಿಗೆ ಹಡಗಿನಲ್ಲಿ ಬರುವ ಒಣ ಪ್ಲೇಟುಗಳನ್ನು ಹಾಗೆ ಮುಚ್ಚಿ ಕಳಿಸುವ ಪದ್ಧತಿ ಇತ್ತು, ತೇವ ತಾಗದಿರಲಿ ಅಂತ. ಕ್ಯಾಮೆರಾಗಳೂ ಅಷ್ಟೇ. ಈ ಕಡೆಗೆ ಅಂತಲೇ ತೇಗದ ಮರದಲ್ಲಿ ಮಾಡಿ ಮೂಲೆ ಮೂಲೆಗೆ ಹಿತ್ತಾಳೆ ಪಟ್ಟಿ, ಸ್ಕ್ರೂ ಹಾಕುತ್ತಿದ್ದರು. ಅಂಟನ್ನು ನೆಚ್ಚಿದರೆ ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಹುಳ ತಿನ್ನುತ್ತದೆ. ಮೇಡಂ, ನಿಮ್ಮ ಬಡಗಿ ಪೆಟ್ಟಿಗೆಗೆ ಹಿತ್ತಾಳೆ ಮೂಲೆ ಹಾಕಿದರೆ ತಪ್ಪಿಲ್ಲ.

ಹಸಿಪ್ಲೇಟು:

ಒಂದು ಬಿಟ್ಟುಹೋಗಿತ್ತು. ನಿರ್ದೇಶಕರು 1860ರ ದಶಕವೇ ಬೇಕು, ಪೆಟ್ಟಿಗೆ ತೆಗೆದು ಹಾಳಾಗುವುದೂ ಬೇಕು ಅಂತ ಹಟ ಹಿಡಿದರೆ ಅದಕ್ಕೂ ದಾರಿ ಇದೆ. ಕೊಲೋಡಿಯನ್ನನ್ನೇ ಒಣಗಿಸಿ ಇಟ್ಟುಕೊಳ್ಳುವ ವಿಧಾನಗಳು ಆಗಲೇ ಇದ್ದವು. 1855ರಲ್ಲಿ ತೋಪನೋ ಮೊಟ್ಟೆಯ ಬಿಳಿ ಸೇರಿಸಿ ಮಾಡಿದ. 1861ರಲ್ಲಿ ಮೇಜರ್ ರಸೆಲ್ ಟ್ಯಾನಿನ್ ಹಚ್ಚಿದ. ವಾರಗಟ್ಟಲೆ ಇಡಬಹುದು, ಆದರೆ ಬಹಳ ಮಂದ. ಹಸಿ ಪ್ಲೇಟಿಗೆ ಸೆಕೆಂಡುಗಳು ಸಾಕಾದರೆ ಇದಕ್ಕೆ ನಿಮಿಷಗಳು. ಮನುಷ್ಯರು ಅಲುಗದೆ ನಿಲ್ಲಬೇಕು. ಕಲ್ಲಿನ ಗುಡಿಗೆ ಪರವಾಗಿಲ್ಲ. ನನ್ನ ಕೇಳಿದರೆ ಬೆರಳೇ ಚೆನ್ನ.

ರಂಗಪೆಟ್ಟಿಗೆ:

ಬೆರಳೇ ಗೆದ್ದಿತು! 1868, ಹಸಿ ಪ್ಲೇಟು, ಕಿತ್ತಳೆ ಕಿಟಕಿಯ ಡೇರೆ. ಹುಡುಗ ಬೆಳ್ಳಿಯ ತೊಟ್ಟಿಗೆ ಕೈ ಹಾಕುತ್ತಾನೆ, ಸಂಜೆ ಬೆರಳು ಕಪ್ಪಾಗುತ್ತದೆ, ಸಾಹೇಬನ ಬೆರಳೂ ಕಪ್ಪು. ಬರೆದವರು ಆ ದೃಶ್ಯ ಮತ್ತೆ ಬರೆಯುತ್ತಿದ್ದಾರೆ. ಕಚ್ಚಿನ ಪೆಟ್ಟಿಗೆಗೆ ಬಡಗಿಗೆ ಅಳತೆ ಕೊಟ್ಟಾಯಿತು. ಕೊನೆಯ ಎರಡು ಪ್ರಶ್ನೆ. ಬೆರಳಿಗೆ ಏನು ಹಚ್ಚಲಿ? ನಿಜವಾದ ಸಿಲ್ವರ್ ನೈಟ್ರೇಟ್ ಹಚ್ಚೋಣವಾ ಅಂತ ನಿರ್ದೇಶಕರು ಕೇಳುತ್ತಿದ್ದಾರೆ. ಪೆಟ್ಟಿಗೆಗೆ ನಿಜವಾದ ಗಾಜು ಹಾಕಬೇಕಾ?

ಹಳೇ ಸ್ಟುಡಿಯೋ:

ಎರಡಕ್ಕೂ ಬೇಡ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಹೋದರೆ ಕಷ್ಟ, ಮಕ್ಕಳು ಕಣ್ಣುಜ್ಜಿಕೊಳ್ಳದೆ ಇರುತ್ತಾರಾ? ಕಾಡಿಗೆಗೆ ಸ್ವಲ್ಪ ಕಂದು ಬಣ್ಣ ಬೆರೆಸಿ ಹಚ್ಚಿ. ಉಗುರಿನ ಸುತ್ತ ದಟ್ಟ ಇರಲಿ, ಬೆರಳ ಗೆಣ್ಣಿನ ಹತ್ತಿರ ಹರಿದ ಹಾಗೆ ತೆಳ್ಳಗೆ ಬಿಡಿ. ನಿಜವಾದ ಕಲೆ ಹಾಗೇ ಇರುತ್ತದೆ, ಒಂದೇ ಸಮ ಇರುವುದಿಲ್ಲ. ಪೆಟ್ಟಿಗೆಗೆ ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಕಿ, ಗಾಜಿಗಿಂತ ಹಗುರ ಆಗುತ್ತದೆ, ಆದ್ದರಿಂದ ಪೆಟ್ಟಿಗೆಯ ತಳಕ್ಕೆ ಒಂದು ಇಟ್ಟಿಗೆ ಇಡಿ. ಇಲ್ಲದಿದ್ದರೆ ಹೊರುವವನ ಕುತ್ತಿಗೆ ಸುಳ್ಳು ಹೇಳುತ್ತದೆ. ಎತ್ತಿ ನೋಡಬೇಕಾದ ಒಂದೆರಡು ನೆಗೆಟಿವ್ ಮಾತ್ರ ನಿಜವಾದ ಗಾಜು ಇರಲಿ, ಅಂಚು ಸಾಣೆ ಹಿಡಿಸಿ. ಶೋ ಯಾವತ್ತು ಅಂತ ಹಾಕಿ, ಬಸ್ಸು ಸಿಕ್ಕರೆ ಬರುತ್ತೇನೆ.